ವೆಲ್ಡಿಂಗ್ ಕೆಲಸದವ್ರಿಗೆ ನ್ಯುಮೋನಿಯಾ ಲಸಿಕೆ: ಯಾವ್ದು, ಎಲ್ಲಿ, ಹೆಂಗೆ ಹಾಕಿಸ್ಕೊಳ್ಳೋದು

ಮೈಸೂರಲ್ಲಿ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ, ಈ ಕಡೆ ಮಂಡ್ಯದಲ್ಲಿ ತೂಬಿನಕೆರೆ, ಮದ್ದೂರಿನ ಸೋಮನಹಳ್ಳಿ, ಎಲ್ಲಿ ನೋಡಿದ್ರೂ ಫ್ಯಾಬ್ರಿಕೇಷನ್ ಶೆಡ್‌ಗಳೇ. ಇಂಡಸ್ಟ್ರಿಯಲ್ ಏರಿಯಾ ಬಿಟ್ಟು ಹಳ್ಳಿ ಕಡೆ ಹೋದ್ರೂ ಗೇಟು, ಗ್ರಿಲ್ಲು, ಶೀಟ್ ಮನೆ, ಟ್ರ್ಯಾಕ್ಟರ್ ಟ್ರೈಲರ್ರು, ಆಲೆಮನೆ ಗಾಣದ ರಿಪೇರಿ ಅಂತ ಊರಿಗೊಂದು ವೆಲ್ಡಿಂಗ್ ಶಾಪ್ ಇದ್ದೇ ಇರುತ್ತೆ. ಕಣ್ಣಿಗೆ ಗ್ಲಾಸ್ ಹಾಕ್ಬೇಕು, ಕರೆಂಟ್ ಹುಷಾರು ಅನ್ನೋದು ಇವರಿಗೆಲ್ಲ ಗೊತ್ತು. ಆದ್ರೆ ವೆಲ್ಡರ್‌ಗಳಿಗೆ ಅಂತಾನೇ ಹೇಳಿರೋ ಒಂದು ಲಸಿಕೆ ಇದೆ, ಅದು ನಮ್ಮೂರಲ್ಲೇ ಸಿಗುತ್ತೆ ಅಂದ್ರೆ ನಾನು ಕೇಳಿದವರಲ್ಲಿ ಒಬ್ರೂ "ಹೌದು ಗೊತ್ತು" ಅನ್ನಲಿಲ್ಲ, ಮಾಲೀಕರೂ ಅನ್ನಲಿಲ್ಲ, ಹೆಲ್ಪರ್ ಹುಡುಗ್ರೂ ಅನ್ನಲಿಲ್ಲ. ಅದಕ್ಕೇ ಇದನ್ನ ಮೊದಲಿಂದ ಕೊನೆವರೆಗೂ ಬಿಡಿಸಿ ಬರೀತಿದೀನಿ, ಓದಿ ನಿಮ್ಮ ಶಾಪಲ್ಲಿ ಇರೋರಿಗೂ ಓದಿ ಹೇಳಿ.

ಯಾಕೆ ವೆಲ್ಡರ್‌ಗೇ ಈ ಲಸಿಕೆ

ಕಾರಣ ಗೊತ್ತಿಲ್ದೆ ಯಾರೂ ಸೂಜಿ ಚುಚ್ಚಿಸ್ಕೊಳಲ್ಲ, ಹಂಗಾಗಿ ಮೊದ್ಲು ಅದನ್ನೇ ಹೇಳ್ತೀನಿ. ಯಾವ ಕೆಲಸದವರು ಯಾವ ಕಾಯಿಲೆಯಿಂದ ಸಾಯ್ತಿದಾರೆ ಅಂತ ಬ್ರಿಟನ್ ಸರ್ಕಾರ ಬಹಳ ಹಿಂದಿಂದ ಲೆಕ್ಕ ಇಟ್ಕೊಂಡು ಬಂದಿದೆ. 1950ರ ದಶಕದ ಲೆಕ್ಕದಿಂದ ಹಿಡಿದು ಮುಂದಿನ ಎಲ್ಲಾ ಲೆಕ್ಕದಲ್ಲೂ ವೆಲ್ಡರ್‌ಗಳು ನ್ಯುಮೋನಿಯಾದಿಂದ ಸಾಯೋದು ಬೇರೆಯವರಿಗಿಂತ ಜಾಸ್ತಿ ಅಂತ ಕಾಣಿಸ್ತಾ ಬಂತು. 1994ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನ ವಿವರವಾಗಿ ಬರೆದ್ರು. ಅದರಲ್ಲಿ ನನಗೆ ತುಂಬಾ ಮುಖ್ಯ ಅನ್ಸಿದ್ದು ಏನಂದ್ರೆ, ಈ ಹೆಚ್ಚುವರಿ ಸಾವು ಕೆಲಸ ಮಾಡೋ ವಯಸ್ಸಲ್ಲಿ ಮಾತ್ರ ಇತ್ತು, ರಿಟೈರ್ ಆದ ವಯಸ್ಸಿನವರಲ್ಲಿ ಇರಲಿಲ್ಲ. ಅಂದ್ರೆ ಇದು ಜೀವನಪೂರ್ತಿ ಅಂಟ್ಕೊಂಡಿರೋ ಹಣೆಬರಹ ಅಲ್ಲ, ಹೊಗೆ ಕುಡೀತಾ ಇರೋವರೆಗೂ ಇರೋ ಅಪಾಯ, ಹೊಗೆ ನಿಂತ್ರೆ ಅಪಾಯವೂ ಇಳಿಯುತ್ತೆ.

ಹೊಗೆ ಅಂತ ನಾವು ಕರೆಯೋದು ನಿಜವಾಗಿ ಏನು ಅಂದ್ರೆ, ಆರ್ಕ್ ಬಿಸಿಗೆ ರಾಡು ಮತ್ತೆ ಕಬ್ಬಿಣ ಆವಿಯಾಗಿ, ಗಾಳಿಗೆ ಬಂದು ತಣ್ಣಗಾಗಿ ಆಗೋ ಲೋಹದ ಪುಡಿ. ಕಣ ಎಷ್ಟು ಸಣ್ಣದು ಅಂದ್ರೆ ಮೂಗು, ಗಂಟಲು ತಡೆಯೋಕಾಗಲ್ಲ, ಸೀದಾ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. ಅಲ್ಲಿ ಎರಡು ಕೆಡುಕು ಆಗುತ್ತೆ ಅಂತ ವಿಜ್ಞಾನಿಗಳು ಹೇಳ್ತಾರೆ. ಒಂದು, ನ್ಯುಮೋನಿಯಾ ತರೋ ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಬೆಳೆಯೋಕೆ ಕಬ್ಬಿಣ ಬೇಕು, ಅದನ್ನ ನಾವೇ ದಿನಾ ಒದಗಿಸ್ತಾ ಇರ್ತೀವಿ. ಇನ್ನೊಂದು, ಆ ಪುಡಿ ಬಿದ್ದ ಜಾಗದ ಜೀವಕೋಶಗಳಿಗೆ ಬ್ಯಾಕ್ಟೀರಿಯಾ ಅಂಟಿಕೊಳ್ಳೋದು ಸುಲಭ ಆಗುತ್ತೆ. ಈ ಬ್ಯಾಕ್ಟೀರಿಯಾ ಎಲ್ಲಿಂದಲೋ ಹಾರಿ ಬರಬೇಕಾಗಿಲ್ಲ, ಬಹಳಷ್ಟು ಜನರ, ಅದರಲ್ಲೂ ಚಿಕ್ಕ ಮಕ್ಕಳ ಮೂಗು ಗಂಟಲಲ್ಲಿ ಸುಮ್ನೆ ಇರುತ್ತೆ, ಕೆಮ್ಮು ಸೀನಿಂದ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ.

ಜನ ಒತ್ತೊತ್ತಾಗಿ ಇದ್ದು ವೆಲ್ಡಿಂಗ್ ಹೊಗೆಯೂ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಹಡಗು ಕಟ್ಟೋ ಯಾರ್ಡ್‌ಗಳೇ ಸಾಕ್ಷಿ. 2015ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಲ್ಲಿ, 2019ರಲ್ಲಿ ನಾರ್ವೆಯಲ್ಲಿ, ಫಿನ್ಲೆಂಡಿನ ಟುರ್ಕು ಊರಲ್ಲಿ ಶಿಪ್‌ಯಾರ್ಡ್ ಕೆಲಸಗಾರರಿಗೆ ಗುಂಪುಗುಂಪಾಗಿ ಈ ನ್ಯುಮೋಕಾಕಸ್ ಕಾಯಿಲೆ ಬಂತು, ಅಲ್ಲೆಲ್ಲ ಕೆಲಸಗಾರರಿಗೆ ಲಸಿಕೆ ಹಾಕಿದ್ರು. ಬ್ರಿಟನ್ 2012ರ ಹೊತ್ತಿಗೆ ತನ್ನ ಲಸಿಕೆ ಮಾರ್ಗಸೂಚಿಯಲ್ಲಿ ವೆಲ್ಡರ್‌ಗಳನ್ನ ಸೇರಿಸ್ತು, ಜರ್ಮನಿ 2016ರಲ್ಲಿ ಸೇರಿಸ್ತು. ನಮ್ಮಲ್ಲಿ ಸರ್ಕಾರ ವೆಲ್ಡರ್‌ಗಳಿಗೆ ಅಂತ ಹಾಕೋ ಕಾರ್ಯಕ್ರಮ ಯಾವ್ದೂ ಇಲ್ಲ. ಮಕ್ಕಳಿಗೆ ಮಾತ್ರ ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಲ್ಲಿ ಪಿಸಿವಿ ಅನ್ನೋ ನ್ಯುಮೋಕಾಕಸ್ ಲಸಿಕೆನ ಅಂಗನವಾಡಿ, ಆಸ್ಪತ್ರೆಗಳಲ್ಲಿ ಫ್ರೀಯಾಗಿ ಹಾಕ್ತಾರೆ, ನಿಮ್ಮ ಮಗೂಗೆ ಹಾಕಿಸಿದೀರಾ ಅಂತ ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ. ದೊಡ್ಡವರು ನಾವೇ ಕೇಳಿ ಹಾಕಿಸ್ಕೋಬೇಕು, ಡಾಕ್ಟರ್ ತಾವಾಗಿ ಹೇಳಲ್ಲ, ಯಾಕಂದ್ರೆ ನೀವು ವೆಲ್ಡರ್ ಅಂತ ಅವರಿಗೆ ಗೊತ್ತೇ ಇರಲ್ಲ.

ಹಂತ 1: ನಿಮಗೆ ಬೇಕಾ ಅಂತ ನೋಡ್ಕೊಳ್ಳಿ

ತಿಂಗಳಿಗೊಂದ್ಸಲ ಗೇಟಿನ ಕೊಂಡಿ ಕಿತ್ತೋಯ್ತು ಅಂತ ಟ್ಯಾಕ್ ಹಾಕೋ ರೈತರಿಗೆ ಇದು ಅಷ್ಟು ಅಗತ್ಯ ಇಲ್ಲ. ದಿನಾ ಅಥವಾ ವಾರದಲ್ಲಿ ಹೆಚ್ಚಿನ ದಿನ ಹೊಗೆ ಕುಡಿಯೋರು, ಅಂದ್ರೆ ರಾಡ್ ವೆಲ್ಡಿಂಗ್, ಸಿಓಟು ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡೋರು ಮತ್ತೆ ಪಕ್ಕದಲ್ಲೇ ಪೈಪ್ ಹಿಡ್ಕೊಂಡು ನಿಲ್ಲೋ ಹೆಲ್ಪರ್‌ಗಳು, ಇವರಿಗೆ ಬೇಕು. ಹೆಲ್ಪರನ್ನ ಎಲ್ರೂ ಮರೀತಾರೆ. ವೆಲ್ಡರ್ ಮುಖಕ್ಕಾದ್ರೂ ಸ್ಕ್ರೀನ್ ಅಡ್ಡ ಇರುತ್ತೆ, ಹೆಲ್ಪರ್ ಮುಖ ಬೇರೆ ಕಡೆ ತಿರುಗಿಸಿದ್ರೂ ಮೂಗು ಅದೇ ಹೊಗೆಯಲ್ಲೇ ಇರುತ್ತೆ.

ಇದರ ಮೇಲೆ ಬೀಡಿ ಸಿಗರೇಟ್ ಸೇದೋರು, ದಿನಾ ಕುಡಿಯೋರು, ಶುಗರ್ ಇರೋರು, ಅಸ್ತಮಾ ಅಥವಾ ಹಳೇ ಉಬ್ಬಸ ಇರೋರು, ಹಾರ್ಟ್, ಲಿವರ್, ಕಿಡ್ನಿ ತೊಂದ್ರೆ ಇರೋರು, ಆಕ್ಸಿಡೆಂಟಲ್ಲೋ ಏನೋ ಆಗಿ ಸ್ಪ್ಲೀನ್ (ಗುಲ್ಮ) ತೆಗೆಸಿರೋರು, ಎಚ್‌ಐವಿ ಇರೋರು ಲಸಿಕೆ ಹಾಕಿಸೋದನ್ನ ತಡ ಮಾಡ್ಬೇಡಿ. ಇವರಿಗೆ ವೆಲ್ಡಿಂಗ್ ಮಾಡದೇ ಇದ್ರೂ ಡಾಕ್ಟರ್‌ಗಳು ಈ ಲಸಿಕೆ ಹಾಕಿಸ್ಕೊಳ್ಳಿ ಅಂತಾರೆ, ಎರಡೂ ಸೇರಿದ್ರೆ ಯೋಚ್ನೆ ಮಾಡೋಕೆ ಏನೂ ಉಳಿದಿಲ್ಲ.

ಒಂದೇ ರೂಮಲ್ಲಿ ಆರೇಳು ಜನ ಮಲಗೋ ಹುಡುಗ್ರ ಬಗ್ಗೆಯೂ ಇಲ್ಲೇ ಹೇಳ್ಬೇಕು. ಬಿಹಾರ, ಯುಪಿ, ಒಡಿಶಾದಿಂದ ಬಂದು ಶೆಡ್ ಹಿಂದೇನೇ ಅಡುಗೆ ಮಾಡ್ಕೊಂಡು ಇರೋ ವೆಲ್ಡರ್‌ಗಳು ನಮ್ಮ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ತುಂಬಾ ಇದಾರೆ. ಹಗಲು ಹೊಗೆ, ರಾತ್ರಿ ಒತ್ತಾದ ರೂಮು, ಆ ಶಿಪ್‌ಯಾರ್ಡ್‌ಗಳಲ್ಲಿ ಇದ್ದಿದ್ದೂ ಇದೇ ಥರ ಪರಿಸ್ಥಿತಿ. ಅವರಿಗೆ ಕನ್ನಡ ಬರಲ್ಲ, ಊರಿನ ಆಸ್ಪತ್ರೆ ದಾರಿ ಗೊತ್ತಿಲ್ಲ, ಹಾಗಾಗಿ ಅವರನ್ನ ಕರ್ಕೊಂಡು ಹೋಗೋ ಜವಾಬ್ದಾರಿ ಕೆಲಸ ಕೊಟ್ಟವರದ್ದು ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಹಂತ 2: ಯಾವ ಲಸಿಕೆ ಅಂತ ತಿಳ್ಕೊಳ್ಳಿ

ಮೆಡಿಕಲ್ ಶಾಪಲ್ಲಿ ಹೋಗಿ "ನ್ಯುಮೋನಿಯಾ ಇಂಜೆಕ್ಷನ್ ಕೊಡಿ" ಅಂದ್ರೆ ಗೊಂದಲ ಆಗುತ್ತೆ, ಯಾಕಂದ್ರೆ ಎರಡು ಜಾತಿ ಇದೆ.

ಒಂದು ಪಿಪಿವಿ23, ಬ್ರ್ಯಾಂಡ್ ಹೆಸರು ನ್ಯುಮೋವ್ಯಾಕ್ಸ್ 23. ನ್ಯುಮೋಕಾಕಸ್‌ನಲ್ಲಿ ನೂರರ ಹತ್ರ ಬಗೆಗಳಿವೆ, ಅದರಲ್ಲಿ ಜನರನ್ನ ಜಾಸ್ತಿ ಕಾಡೋ 23 ಬಗೆಗಳ ವಿರುದ್ಧ ಇದು ಕೆಲಸ ಮಾಡುತ್ತೆ. ಬ್ರಿಟನ್ ವೆಲ್ಡರ್‌ಗಳಿಗೆ ಅಂತ ಹೇಳಿದ್ದು ಇದನ್ನೇ, ಒಂದೇ ಡೋಸ್. ಇನ್ನೊಂದು ಪಿಸಿವಿ ಜಾತಿದು, ನಮ್ಮಲ್ಲಿ ಬಹಳ ವರ್ಷದಿಂದ ಸಿಗ್ತಿರೋದು ಪಿಸಿವಿ13, ಬ್ರ್ಯಾಂಡ್ ಪ್ರೆವೆನಾರ್ 13. ಇದರಲ್ಲಿ ಬಗೆ ಕಡಿಮೆ, 13, ಆದ್ರೆ ದೇಹ ಅದನ್ನ ನೆನಪಿಟ್ಕೊಳ್ಳೋದು ಜಾಸ್ತಿ ಗಟ್ಟಿ, ರೇಟೂ ಜಾಸ್ತಿ. ಹೊರದೇಶಗಳಲ್ಲಿ 15 ಬಗೆ, 20 ಬಗೆಯ ಹೊಸ ಪಿಸಿವಿಗಳೂ ಬಂದು ದೊಡ್ಡವರಿಗೆ ಅವನ್ನೇ ಕೊಡ್ತಿದಾರೆ, ನಿಮ್ಮ ಡಾಕ್ಟರ್ ಅದರ ಹೆಸರು ಹೇಳಿದ್ರೆ ಗಾಬರಿ ಆಗ್ಬೇಡಿ, ಅದೂ ಇದೇ ಕಾಯಿಲೆಗೇ. ಬೆಲ್‌ಫಾಸ್ಟಲ್ಲಿ ಬಂದಿದ್ದು 4ನೇ ಬಗೆ, ಅದು ಪಿಪಿವಿ23ರಲ್ಲೂ ಇದೆ, ಪಿಸಿವಿ13ರಲ್ಲೂ ಇದೆ.

ಆರೋಗ್ಯವಾಗಿರೋ ವೆಲ್ಡರ್‌ಗೆ ಒಂದು ಡೋಸ್ ಪಿಪಿವಿ23 ಅನ್ನೋದು ಸರಳವಾದ ದಾರಿ. ಶುಗರ್, ಕಿಡ್ನಿ, ಶ್ವಾಸಕೋಶದ ಕಾಯಿಲೆ ಇದ್ರೆ ಕೆಲವು ಡಾಕ್ಟರ್‌ಗಳು ಮೊದಲು ಪಿಸಿವಿ13 ಹಾಕಿ, ಒಂದು ವರ್ಷ ಬಿಟ್ಟು ಪಿಪಿವಿ23 ಹಾಕ್ತಾರೆ, ರೋಗನಿರೋಧಕ ಶಕ್ತಿ ತುಂಬಾ ಕಮ್ಮಿ ಇರೋರಿಗೆ ಆ ಅಂತರ ಎಂಟು ವಾರಕ್ಕೆ ಇಳಿಸ್ತಾರೆ. ಈ ತೀರ್ಮಾನ ಡಾಕ್ಟರ್‌ಗೆ ಬಿಡಿ. ನೀವು ಮಾಡ್ಬೇಕಾದ್ದು ನಿಮಗಿರೋ ಕಾಯಿಲೆ ಮುಚ್ಚಿಡದೇ ಹೇಳೋದು, ಹಿಂದೆ ಯಾವ್ದಾದ್ರೂ ಹಾಕಿಸಿದ್ರೆ ಅದನ್ನೂ ಹೇಳೋದು.

ಪಿಪಿವಿ23 ಹಾಕಿಸಿದ್ರೆ ನ್ಯುಮೋನಿಯಾ ಬರೋದೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದು ಸುಳ್ಳು. ನ್ಯುಮೋಕಾಕಸ್ ರಕ್ತಕ್ಕೆ, ಮೆದುಳಿನ ಪೊರೆಗೆ ಹೋಗಿ ಪ್ರಾಣಕ್ಕೇ ಬರೋ ಥರದ ತೀವ್ರ ಕಾಯಿಲೆ ಇದೆಯಲ್ಲ, ಅದನ್ನ ತಡೆಯೋದ್ರಲ್ಲಿ ಇದರ ಕೆಲಸ ಶೇಕಡ 50ರಿಂದ 70ರಷ್ಟು ಅಂತ ಬ್ರಿಟನ್‌ನವರು ಲೆಕ್ಕ ಹಾಕಿದಾರೆ. ವೈರಸ್‌ನಿಂದ ಬರೋ ನ್ಯುಮೋನಿಯಾ, ಟಿಬಿ, ಬೇರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇದಕ್ಕೆ ಬಗ್ಗಲ್ಲ. ಆದ್ರೂ ಕೆಲಸ ಮಾಡೋ ವಯಸ್ಸಲ್ಲಿ, ಮನೆಯಲ್ಲಿ ದುಡಿಯೋನು ಒಬ್ಬನೇ ಆಗಿರುವಾಗ, ಐಸಿಯು ಸೇರೋ ಅಪಾಯ ಅರ್ಧದಷ್ಟು ಇಳಿದ್ರೂ ಅದು ಸಣ್ಣ ಮಾತಲ್ಲ.

ಇದರ ಜೊತೆಗೆ ಫ್ಲೂ ಲಸಿಕೆ. ಫ್ಲೂ ಬಂದು ಶ್ವಾಸನಾಳ ಸುಸ್ತಾದ ಮೇಲೆ ಹಿಂದೆಯೇ ನ್ಯುಮೋಕಾಕಸ್ ನುಗ್ಗೋದು ತುಂಬಾ ಸಾಮಾನ್ಯ. ಫ್ಲೂ ವೈರಸ್ ವರ್ಷಾ ವರ್ಷಾ ಬದಲಾಗೋದ್ರಿಂದ ಅದನ್ನ ಪ್ರತಿ ವರ್ಷ ಹಾಕಿಸ್ಬೇಕು, ನಮ್ಮ ಕಡೆ ಮಳೆಗಾಲ ಶುರುವಾಗೋಕೆ ಮುಂಚೆ, ಮೇ ತಿಂಗಳ ಹೊತ್ತಿಗೆ ಹಾಕಿಸೋದು ಒಳ್ಳೇದು. ಎರಡನ್ನೂ ಒಂದೇ ದಿನ ಒಂದೊಂದು ತೋಳಿಗೆ ಹಾಕಿಸ್ಕೋಬಹುದು, ಎರಡು ದಿನದ ಕೂಲಿ ಕಳ್ಕೊಳ್ಳೋ ಅಗತ್ಯ ಇಲ್ಲ. ಇನ್ನೊಂದು, ಶೀಟ್ ಕುಯ್ದು, ಕಬ್ಬಿಣದ ಚೂಪು ಅಂಚು (ಬರ್) ಚುಚ್ಚಿ ಗಾಯ ಆಗೋದು ದಿನದ ಮಾತಾದ್ರಿಂದ ಧನುರ್ವಾಯು ತಡೆಯೋ ಟಿಟಿ, ಈಗ ಟಿಡಿ ಅಂತ ಬರ್ತಿದೆ, ಅದು ಹಾಕಿಸಿ ಹತ್ತು ವರ್ಷ ದಾಟಿದ್ಯಾ ಅಂತಾನೂ ಅದೇ ದಿನ ಕೇಳಿಬಿಡಿ.

ಹಂತ 3: ಎಲ್ಲಿ ಹೋಗ್ಬೇಕು, ಏನ್ ಹೇಳ್ಬೇಕು

ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇದ್ದು ನಿಮ್ಮ ಕಂಪನಿಯಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ ಆಗ್ತಿದ್ರೆ ಮೊದಲು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಲ್ಲೇ ಕೇಳಿ, ಅಲ್ಲಿ ಇಲ್ಲ ಅಂದ್ರೆ ದೊಡ್ಡ ಇಎಸ್‌ಐ ಆಸ್ಪತ್ರೆಗೆ ಬರೆದುಕೊಡಿ ಅನ್ನಿ. ಕೇಳೋಕೆ ದುಡ್ಡೇನೂ ಇಲ್ಲ, ನಿಮ್ಮ ಸಂಬಳದಿಂದ ಶೇಕಡ 0.75 ಪ್ರತಿ ತಿಂಗಳು ಹೋಗ್ತಾನೇ ಇದೆ. ಹತ್ತು ಜನಕ್ಕಿಂತ ಕಮ್ಮಿ ಇರೋ ಸಣ್ಣ ಶಾಪಲ್ಲಿ ಸಾಮಾನ್ಯವಾಗಿ ಇಎಸ್‌ಐ ಇರಲ್ಲ, ಅಂಥವರು ಖಾಸಗಿ ಕ್ಲಿನಿಕ್ ಅಥವಾ ಲಸಿಕೆ ಇಟ್ಟಿರೋ ಆಸ್ಪತ್ರೆ ಹುಡುಕ್ಬೇಕು. ಮೈಸೂರಲ್ಲಾದ್ರೆ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಾದ್ರೆ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ) ಡಾಕ್ಟರ್ ಹತ್ರ ಚೀಟಿ ಬರೆಸ್ಕೊಂಡು ಅಲ್ಲೇ ಸಿಗುತ್ತಾ, ಹೊರಗಡೆ ತರ್ಬೇಕಾ ಅಂತ ಕೇಳಿ. ಮಕ್ಕಳ ಡಾಕ್ಟರ್ ಕ್ಲಿನಿಕ್‌ಗಳನ್ನೂ ಬಿಡ್ಬೇಡಿ, ಲಸಿಕೆ ಫ್ರಿಜ್ಜು ಸರಿಯಾಗಿ ಇಟ್ಟಿರೋದು ಸಾಮಾನ್ಯವಾಗಿ ಅವರೇ, ಫೋನ್ ಮಾಡಿ "ದೊಡ್ಡವರಿಗೆ ನ್ಯುಮೋವ್ಯಾಕ್ಸ್ ತರಿಸಿಕೊಡ್ತೀರಾ" ಅಂದ್ರೆ ಎಷ್ಟೋ ಕಡೆ ತರಿಸ್ತಾರೆ. ರೇಟು ಸಾವಿರದ ಲೆಕ್ಕದಲ್ಲಿ ಇರುತ್ತೆ, ಬಾಕ್ಸ್ ಮೇಲೆ ಎಂಆರ್‌ಪಿ ನೋಡಿ, ಎರಡು ಕಡೆ ವಿಚಾರಿಸಿ, ಡಾಕ್ಟರ್ ಫೀಸು ಬೇರೆನಾ ಸೇರಿದ್ಯಾ ಅಂತ ಮುಂಚೆನೇ ಕೇಳಿ.

ಡಾಕ್ಟರ್ ಮುಂದೆ ಕೂತ್ಕೊಂಡು ಬಾಯಿ ಕಟ್ಟೋಗೋದು ನಮ್ಮವರ ಕಷ್ಟ. ಇಷ್ಟು ಹೇಳಿ ಸಾಕು:

"ಸಾರ್, ನಾನು ವೆಲ್ಡಿಂಗ್ ಕೆಲಸ ಮಾಡ್ತೀನಿ, ದಿನಾ ಹೊಗೇಲೇ ಇರ್ತೀನಿ. ವೆಲ್ಡರ್‌ಗಳಿಗೆ ನ್ಯುಮೋಕಾಕಲ್ ಲಸಿಕೆ ಹಾಕಿಸ್ಬೇಕು ಅಂತ ಬ್ರಿಟನ್, ಜರ್ಮನಿಯಲ್ಲಿ ಹೇಳಿದಾರೆ. ನನಗೆ ಪಿಪಿವಿ23 ಹಾಕ್ಬಹುದಾ ನೋಡಿ ಸಾರ್. ನನಗೆ ಶುಗರ್ ಇದೆ, ಬೀಡಿ ಸೇದ್ತೀನಿ."

ಕೊನೇ ಸಾಲು ನಿಮ್ಮ ನಿಮ್ಮ ಪರಿಸ್ಥಿತಿಗೆ ತಕ್ಕಂಗೆ. ಡಾಕ್ಟರ್ "ನಿಮಗ್ಯಾಕ್ರೀ, ಇದು ವಯಸ್ಸಾದವರಿಗೆ" ಅಂದ್ರೆ ಸುಮ್ನೆ ಎದ್ದು ಬರ್ಬೇಡಿ, ವೆಲ್ಡಿಂಗ್ ಹೊಗೆ ವಿಷ್ಯ ಇನ್ನೊಂದು ಸಲ ಹೇಳಿ, ಇಲ್ಲಾಂದ್ರೆ ಶ್ವಾಸಕೋಶದ ಡಾಕ್ಟರ್ ಹತ್ರ ಹೋಗಿ.

ಹಂತ 4: ಹಾಕಿಸೋ ದಿನ

ವಾರದ ರಜಾ ಹಿಂದಿನ ದಿನ ಸಾಯಂಕಾಲ ಹಾಕಿಸಿದ್ರೆ ಅನುಕೂಲ. ತೋಳು ಒಂದೆರಡು ದಿನ ನೋಯುತ್ತೆ, ತಲೆ ಮೇಲೆ ಕೈ ಎತ್ತಿ ಹೋಲ್ಡರ್ ಹಿಡಿಯೋದು ಕಷ್ಟ ಆಗುತ್ತೆ. ಬಲಗೈಲಿ ಹೋಲ್ಡರ್ ಹಿಡಿಯೋರು ಎಡ ತೋಳಿಗೆ ಹಾಕಿ ಅನ್ನಿ. ಹೊಟ್ಟೆ ಹಸ್ಕೊಂಡು ಹೋಗ್ಬೇಡಿ, ಇಡ್ಲಿನೋ ಮುದ್ದೆನೋ ತಿಂದ್ಕೊಂಡು ಹೋಗಿ, ಭುಜ ಸುಲಭವಾಗಿ ಬಿಚ್ಚೋ ಥರ ಶರ್ಟ್ ಹಾಕ್ಕೊಳ್ಳಿ.

ಜ್ವರ ಇದ್ರೆ ಮುಂದಕ್ಕೆ ಹಾಕಿ, ಸಣ್ಣ ನೆಗಡಿಗೆ ಮುಂದೂಡೋ ಅಗತ್ಯ ಇಲ್ಲ. ಹಿಂದೆ ಯಾವ್ದೇ ಲಸಿಕೆಗೆ ಮುಖ ಊದಿ, ಉಸಿರು ಕಟ್ಟಿ ತೊಂದ್ರೆ ಆಗಿದ್ರೆ ಚುಚ್ಚೋಕೆ ಮುಂಚೆನೇ ಹೇಳಿ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೂ ಹೇಳಿ, ಹಾಕ್ಬಾರ್ದು ಅಂತಲ್ಲ, ಚುಚ್ಚಿದ ಜಾಗ ಜಾಸ್ತಿ ಹೊತ್ತು ಒತ್ತಿ ಹಿಡೀಬೇಕಾಗುತ್ತೆ.

ನರ್ಸ್ ಫ್ರಿಜ್ಜಿಂದ ಬಾಕ್ಸ್ ತೆಗೆದಾಗ ನೀವು ನೋಡ್ಬೇಕಾದ್ದು ಮೂರು: ಹೆಸರು ಸರಿ ಇದ್ಯಾ, ಎಕ್ಸ್‌ಪೈರಿ ದಾಟಿಲ್ವಾ, ಫ್ರೀಜರ್ ಕಂಪಾರ್ಟ್‌ಮೆಂಟಿಂದ ತೆಗೆದ್ರಾ ಕೆಳಗಿಂದ ತೆಗೆದ್ರಾ. ಈ ಲಸಿಕೆ 2ರಿಂದ 8 ಡಿಗ್ರಿ ಒಳಗೆ ಇರ್ಬೇಕು, ಗಡ್ಡೆ ಕಟ್ಟಿದ್ರೆ ಕೆಲಸಕ್ಕೆ ಬರಲ್ಲ. ಅದಕ್ಕೇ ಮೆಡಿಕಲ್ ಶಾಪಲ್ಲಿ ತಗೊಂಡು ಬೈಕ್ ಡಿಕ್ಕಿಯಲ್ಲಿ ಹಾಕ್ಕೊಂಡು, ಮಧ್ಯದಲ್ಲಿ ಇನ್ನೊಂದು ಕೆಲಸ ಮುಗಿಸ್ಕೊಂಡು ಕ್ಲಿನಿಕ್‌ಗೆ ಹೋಗೋದು ಬೇಡ, ಐಸ್ ಪ್ಯಾಕ್ ಜೊತೆ ಡಬ್ಬಿಯಲ್ಲಿ ಇಟ್ಟು ಸೀದಾ ತಗೊಂಡು ಹೋಗಿ, ಇಲ್ಲಾಂದ್ರೆ ಕ್ಲಿನಿಕ್ಕಲ್ಲೇ ಇರೋದನ್ನ ಹಾಕಿಸಿ. ಡೋಸ್ ಅರ್ಧ ಎಂಎಲ್, ತೋಳಿನ ಮೇಲ್ಭಾಗದ ಮಾಂಸಕ್ಕೆ ಚುಚ್ತಾರೆ, ಎರಡು ಸೆಕೆಂಡಿನ ಕೆಲಸ. ಆಮೇಲೆ ಹದಿನೈದು ನಿಮಿಷ ಅಲ್ಲೇ ಕೂತಿರಿ. ಅಲರ್ಜಿ ಆಗೋದು ಅಪರೂಪ, ಆದ್ರೆ ಹಂಗೇನಾದ್ರೂ ಆದ್ರೆ ಆ ಹದಿನೈದು ನಿಮಿಷದಲ್ಲೇ ಆಗೋದು ಹೆಚ್ಚು, ಅದಕ್ಕೆ ಬೇಕಾದ ಔಷಧಿ ಅಲ್ಲೇ ಇರುತ್ತೆ.

ಬಾಕ್ಸ್ ಅಥವಾ ಸಿರಿಂಜ್ ಮೇಲಿರೋ ಸ್ಟಿಕ್ಕರ್ರು, ಬ್ಯಾಚ್ ನಂಬರ್ರು, ತಾರೀಕು, ಇವನ್ನ ಒಂದು ಕಾರ್ಡಲ್ಲಿ ಬರೆಸಿ ಸೀಲ್ ಹಾಕಿಸ್ಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆದು ಮನೆಯವರಿಗೂ ಕಳಿಸಿ. ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋದಾಗ, ಐದು ವರ್ಷ ಆದ್ಮೇಲೆ ಯಾರಾದ್ರೂ "ಹಾಕಿಸಿದೀರಾ" ಅಂದಾಗ ಬೇಕಾಗೋದು ಅದೇ. ಆರೋಗ್ಯವಾಗಿರೋರಿಗೆ ಪಿಪಿವಿ23 ಮತ್ತೆ ಮತ್ತೆ ಹಾಕಲ್ಲ, ಸ್ಪ್ಲೀನ್ ಇಲ್ಲದವರಿಗೆ, ಕಿಡ್ನಿ ಕಾಯಿಲೆ ಇರೋರಿಗೆ ಐದು ವರ್ಷಕ್ಕೊಮ್ಮೆ ಹಾಕ್ತಾರೆ, ಹಾಗಾಗಿ ಯಾವಾಗ ಹಾಕಿಸಿದ್ದು ಅನ್ನೋ ದಾಖಲೆ ಇಲ್ಲಾಂದ್ರೆ ಡಾಕ್ಟರ್‌ಗೂ ಕಷ್ಟ.

ರಾತ್ರಿ ಮೈ ಬಿಸಿ ಆದ್ರೆ, ತೋಳು ಕೆಂಪಾಗಿ ಗಟ್ಟಿ ಆದ್ರೆ ಪ್ಯಾರಸಿಟಮಾಲ್ ಸಾಕು, ಎರಡು ಮೂರು ದಿನದಲ್ಲಿ ಇಳಿಯುತ್ತೆ. ಲಸಿಕೆಯಲ್ಲಿ ಜೀವಂತ ರೋಗಾಣು ಇಲ್ಲ, ಅದರಿಂದ ನ್ಯುಮೋನಿಯಾ ಬರಲ್ಲ. ರಕ್ಷಣೆ ಹುಟ್ಟೋಕೆ ಎರಡು ಮೂರು ವಾರ ಬೇಕು, ಹಾಕಿಸಿದ ಮಾರನೇ ದಿನಾನೇ ಹೊಗೆ ತುಂಬೋ ಟ್ಯಾಂಕ್ ಒಳಗೆ ವೆಲ್ಡಿಂಗ್‌ಗೆ ಇಳಿಯೋ ಧೈರ್ಯ ಮಾಡ್ಬೇಡಿ.

ಶಾಪ್ ಮಾಲೀಕರಿಗೆ

ಮಂಡ್ಯ ಹತ್ರ ಒಂದು ಶೆಡ್‌ನಲ್ಲಿ ಈ ವಿಷ್ಯ ಎತ್ತಿದಾಗ ಹೆಲ್ಪರ್ ಹುಡುಗ ಮಾಲೀಕರಿಗೆ ಹೇಳಿದ್ದು, "ನಂಗ್ಯಾಕಣ್ಣ ಇಂಜೆಕ್ಷನ್ನು, ಚೆನ್ನಾಗೇ ಇವ್ನಲ್ಲ" ಅಂತ. ಮಾಲೀಕರು ಗ್ರೈಂಡರ್ ಕೆಳಗಿಟ್ಟು "ಚೆನ್ನಾಗಿರೋವಾಗ್ಲೇ ಹಾಕುಸ್ಕೋಬೇಕು ಕಣ್ಲಾ, ಮಲಗಿದ್ಮೇಲೆ ಹಾಕುದ್ರೆ ಏನು ಬಂತು. ದುಡ್ಡು ನಾನು ಕೊಡ್ತೀನಿ, ಶನಿವಾರ ಸಂಜೆ ಹೋಗ್ಬರವ ನಡಿ" ಅಂದ್ರು. ಅಷ್ಟೇ ಬೇಕಾಗಿರೋದು. ಹುಡುಗ್ರ ಕೂಲಿಯಲ್ಲಿ ಹಿಡ್ಕೊಳ್ಳೋ ಖರ್ಚಲ್ಲ ಇದು, ರಾಡ್, ಡಿಸ್ಕ್ ಥರ ಶಾಪ್ ಖರ್ಚಲ್ಲಿ ಬರ್ಕೊಳ್ಳಿ. ಅಕ್ಕಪಕ್ಕದ ನಾಲ್ಕೈದು ಶಾಪ್‌ನವರು ಸೇರಿ ಒಂದೇ ಕ್ಲಿನಿಕ್‌ಗೆ ಒಟ್ಟಿಗೆ ಹೇಳಿದ್ರೆ ಲಸಿಕೆ ತರಿಸೋದು ಅವರಿಗೂ ಸುಲಭ, ರೇಟಲ್ಲೂ ಮಾತಾಡ್ಬಹುದು.

ಬಲವಂತ ಮಾತ್ರ ಮಾಡ್ಬೇಡಿ. ಹಾಕಿಸ್ಕೊಳ್ದಿದ್ರೆ ಕೆಲಸಕ್ಕೆ ಬರ್ಬೇಡ ಅನ್ನೋದು ತಪ್ಪು. ಕೂರಿಸಿ ಹೇಳಿ, ಅವರ ಮನೆಯವರಿಗೂ ಫೋನಲ್ಲಿ ಹೇಳಿ, ಒಪ್ಪಿದವರನ್ನ ಕರ್ಕೊಂಡು ಹೋಗಿ.

ಲಸಿಕೆ ಹಾಕಿಸಿದ್ವಿ ಅಂತ ಹೊಗೆ ವಿಷ್ಯ ಮರೀಬೇಡಿ

ಬ್ರಿಟನ್ ಮಾರ್ಗಸೂಚಿಯಲ್ಲೂ ಇದನ್ನ ಸ್ಪಷ್ಟವಾಗಿ ಹೇಳಿದಾರೆ, ಹೊಗೆ ಕಮ್ಮಿ ಮಾಡೋ ಕೆಲಸಕ್ಕೆ ಲಸಿಕೆ ಬದಲಿ ಅಲ್ಲ ಅಂತ. ಸೋಂಕು ಒಂದೇ ಅಲ್ಲ, ವೆಲ್ಡಿಂಗ್ ಹೊಗೆ ಶ್ವಾಸಕೋಶದ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಖಚಿತಪಡಿಸ್ತು, ಅದಕ್ಕೆ ಯಾವ ಲಸಿಕೆಯೂ ಇಲ್ಲ.

ದುಡ್ಡಿಲ್ದೆ ಮಾಡ್ಬಹುದಾದ್ದು ಬೇಕಾದಷ್ಟಿದೆ. ತಲೆ ಹೊಗೆ ಮೇಲೆ ಬಗ್ಗಿಸ್ಬೇಡಿ, ಜಾಬ್ (ವೆಲ್ಡ್ ಮಾಡೋ ಪೀಸ್) ತಿರುಗಿಸ್ಕೊಂಡು ಹೊಗೆ ನಿಮ್ಮ ಮುಖದಿಂದ ಆಚೆ ಏಳೋ ಥರ ಕೂತ್ಕೊಳ್ಳಿ. ಫ್ಯಾನ್ ಹಿಂದೆ ಇಟ್ರೆ ಹೊಗೆ ಸುತ್ತಿ ಮುಖಕ್ಕೇ ಬರುತ್ತೆ, ಪಕ್ಕದಲ್ಲಿ ಇಡಿ, ಹೊಗೆ ಬಾಗಿಲ ಕಡೆ ಹೋಗ್ಬೇಕು. ಸಿಓಟು, ಆರ್ಗಾನ್ ಮಾಡೋವಾಗ ಮಾತ್ರ ಜೋರು ಗಾಳಿ ವೆಲ್ಡ್ ಕಾಯೋ ಶೀಲ್ಡ್ ಗ್ಯಾಸನ್ನ ಹಾರಿಸಿ ವೆಲ್ಡ್ ಕೆಡಿಸುತ್ತೆ, ಅಲ್ಲಿ ಹೊಗೆ ಎಳೆಯೋ ಎಕ್ಸ್‌ಟ್ರಾಕ್ಟರ್ ಪೈಪೇ ಸರಿ. ಸತು ಲೇಪನ ಇರೋ ಜಿಐ ಪೈಪಾದ್ರೆ ಜಾಯಿಂಟ್‌ನ ಎರಡೂ ಕಡೆ ಎರಡು ಇಂಚಾದ್ರೂ ಸತು ಗ್ರೈಂಡ್ ಮಾಡಿ ತೆಗೀರಿ, ಗ್ರೈಂಡ್ ಮಾಡೋವಾಗ್ಲೂ ಮಾಸ್ಕ್ ಇರ್ಲಿ. ಪೇಂಟು, ಆಯಿಲ್ ಒರೆಸಿ. ಡಿಗ್ರೀಸರ್ ಹಾಕಿ ತೊಳೆದಿದ್ರೆ ಪೂರ್ತಿ ಒಣಗೋವರೆಗೂ ಆರ್ಕ್ ಹಚ್ಬೇಡಿ, ಅದರಲ್ಲಿ ಕ್ಲೋರಿನ್ ಇದ್ರೆ ಆರ್ಕ್ ಬೆಳಕಿಗೆ ವಿಷಾನಿಲ ಆಗುತ್ತೆ.

ಮಾಸ್ಕ್ ವಿಷ್ಯಕ್ಕೆ ಬಂದ್ರೆ, ಮೂಗಿಗೆ ಟವೆಲ್, ಕರ್ಚೀಫ್ ಕಟ್ಕೊಳ್ಳೋದು ಸಮಾಧಾನಕ್ಕೆ ಅಷ್ಟೇ, ಆ ಕಣ ಬಟ್ಟೆಯೊಳಗಿಂದ ಸರಾಗವಾಗಿ ಹೋಗುತ್ತೆ. ಕಮ್ಮಿ ಅಂದ್ರೂ ಎನ್95 ಅಥವಾ ಎಫ್‌ಎಫ್‌ಪಿ2 ಬೇಕು, ಐಎಸ್ 9473 ಅಂತ ಐಎಸ್‌ಐ ಗುರುತು ನೋಡಿ ತಗೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್‌ಗೆ, ಇಕ್ಕಟ್ಟಾದ ಜಾಗಕ್ಕೆ ಇನ್ನೂ ಮೇಲ್ಮಟ್ಟದ್ದು ಬೇಕು. ಗಡ್ಡ ಇದ್ರೆ ಪಕ್ಕದಿಂದ ಗಾಳಿ ನುಗ್ಗುತ್ತೆ. ಮೂಗಿನ ಪಟ್ಟಿ ಒತ್ತಿ, ಉಸಿರು ಬಿಟ್ಟಾಗ ಕನ್ನಡಕ ಮಂಜಾಗ್ತಿದ್ರೆ ಮೇಲಿಂದ ಲೀಕ್ ಆಗ್ತಿದೆ ಅಂತ ಅರ್ಥ.

ಹಾಲು, ಬೆಲ್ಲ, ಬಾಳೆಹಣ್ಣಿನ ಬಗ್ಗೆ ಹೇಳದೇ ಇದ್ರೆ ಈ ಲೇಖನ ಪೂರ್ತಿ ಆಗಲ್ಲ. ಜಿಐ ಹೊಡೆದ ದಿನ ಬೆಲ್ಲ ತಿಂದ್ರೆ, ಹಾಲು ಕುಡಿದ್ರೆ ಹೊಗೆ ಇಳಿಯುತ್ತೆ ಅಂತ ನಮ್ಮಲ್ಲಿ ಎಲ್ರೂ ನಂಬ್ತಾರೆ. ತಿನ್ನಿ, ಮಂಡ್ಯದವರಿಗೆ ಬೆಲ್ಲ ಬೇಡ ಅನ್ನೋಕಾಗುತ್ತಾ, ಆದ್ರೆ ಅದು ಹೋಗೋದು ಹೊಟ್ಟೆಗೆ, ಹೊಗೆ ಹೋಗಿರೋದು ಶ್ವಾಸಕೋಶಕ್ಕೆ. ದಿನಾ ಅರ್ಧ ಲೀಟರ್ ಹಾಲು ಕೊಡ್ತೀವಿ ಅಂತ ಮಾಸ್ಕ್ ಕೊಡದೇ ಇರೋ ಮಾಲೀಕರು ಆ ಹಾಲಿನ ದುಡ್ಡಲ್ಲೇ ಮಾಸ್ಕ್ ತರ್ಬಹುದು.

ಹಂತ 5: ಜ್ವರ ಬಂದ್ರೆ ಯಾವ್ದು ಅಂತ ಗುರುತು ಹಿಡೀರಿ

ಜಿಐ ಹೊಡೆದ ದಿನ ರಾತ್ರಿ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರೋದು ಎಲ್ಲಾ ವೆಲ್ಡರ್‌ಗೂ ಗೊತ್ತು. ಅದು ಸತುವಿನ ಹೊಗೆಯಿಂದ ಬರೋದು, ಕೆಲಸ ಮಾಡಿ ನಾಲ್ಕರಿಂದ ಹತ್ತು ಗಂಟೆ ಆದ್ಮೇಲೆ ಶುರುವಾಗಿ ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತೆ. ತೊಂದ್ರೆ ಇರೋದೇ ಇಲ್ಲಿ. ಇದು ಆಗಾಗ ಬಂದು ಹೋಗೋದು ನೋಡಿ ನೋಡಿ, ನಿಜವಾದ ನ್ಯುಮೋನಿಯಾ ಬಂದಾಗ್ಲೂ "ಅದೇ ಹೊಗೆ ಜ್ವರ, ನಾಳೆ ಸರಿ ಹೋಗುತ್ತೆ" ಅಂತ ಡೋಲೋ ನುಂಗಿ ಮಲಗ್ತಾರೆ. ಲಸಿಕೆ ಹಾಕಿಸಿದವರೂ ಈ ಭಾಗ ಗಮನ ಇಟ್ಟು ಓದಿ.

ಎರಡು ದಿನ ಆದ್ರೂ ಜ್ವರ ಇಳೀದಿದ್ರೆ, ನಡುಕ ಬಂದು ಹಲ್ಲು ಕಟಕಟ ಅಂದ್ರೆ, ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚಿದಂಗೆ ನೋವಾದ್ರೆ, ಕಫ ತುಕ್ಕಿನ ಬಣ್ಣ ಅಥವಾ ಹಸಿರು ಹಳದಿ ಬಂದ್ರೆ ಅದು ಹೊಗೆ ಜ್ವರ ಅಲ್ಲ ಅಂತ ತಿಳ್ಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ. ಸುಮ್ನೆ ಕೂತಿರುವಾಗ ನಿಮಿಷಕ್ಕೆ 30 ಸಲಕ್ಕಿಂತ ಜಾಸ್ತಿ ಉಸಿರಾಡ್ತಿದ್ರೆ, ಬೆರಳಿಗೆ ಹಾಕೋ ಆಕ್ಸಿಮೀಟರಲ್ಲಿ 94ಕ್ಕಿಂತ ಕೆಳಗೆ ತೋರಿಸಿದ್ರೆ, ತುಟಿ ನೀಲಿ ಆದ್ರೆ, ಮಾತು ತಡವರಿಸಿ ಗೊಂದಲ ಆದ್ರೆ 108ಕ್ಕೆ ಫೋನ್ ಮಾಡಿ, ಬೈಕಲ್ಲಿ ಕೂರಿಸ್ಕೊಂಡು ಹೋಗ್ಬೇಡಿ.

ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಮೊದಲು ಹೇಳ್ಬೇಕಾದ್ದು ನಾನು ವೆಲ್ಡರ್ ಅನ್ನೋದು. ಇದು ಎಕ್ಸ್‌ರೇ ನೋಡೋವಾಗ್ಲೂ ಬೇಕು. ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದವರ ಶ್ವಾಸಕೋಶದಲ್ಲಿ ಕಬ್ಬಿಣದ ಪುಡಿ ಕೂತು ಎಕ್ಸ್‌ರೇಯಲ್ಲಿ ಸಣ್ಣ ಸಣ್ಣ ಚುಕ್ಕೆ ಕಾಣುತ್ತೆ, ಸಿಡರೋಸಿಸ್ ಅಂತಾರೆ ಅದಕ್ಕೆ. ಕೆಲಸ ಏನು ಅಂತ ಗೊತ್ತಿಲ್ಲದ ಡಾಕ್ಟರ್ ಅದನ್ನ ಟಿಬಿ ಅಂದ್ಕೊಳ್ಳೋ ಸಾಧ್ಯತೆ ಇರುತ್ತೆ. ಹಂಗಂತ ಕೆಮ್ಮು ಎರಡು ವಾರ ದಾಟಿದ್ರೆ "ಕಬ್ಬಿಣದ ಪುಡಿ ಇರ್ಬೇಕು" ಅಂತ ಕೂತ್ಕೋಬೇಡಿ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಫ್ರೀ, ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಇದೆ, ಮೇಟಗಳ್ಳಿ, ಹೆಬ್ಬಾಳದವರಿಗಂತೂ ಹತ್ರಾನೇ. ಟಿಬಿ ಅಂತಾನೇ ಆದ್ರೂ ಔಷಧಿ ಪೂರ್ತಿ ಫ್ರೀ, ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಅಕೌಂಟ್‌ಗೆ ಬರುತ್ತೆ.

ಅಡ್ಮಿಟ್ ಆಗ್ಬೇಕಾದ್ರೆ ಇಎಸ್‌ಐ ಇರೋರು ರಜಾ ಸರ್ಟಿಫಿಕೇಟ್ ಮರೀಬೇಡಿ, ಕಂತು ಸರಿಯಾಗಿ ಕಟ್ಟಿದ್ರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡ 70ರಷ್ಟು ದುಡ್ಡು ಬರುತ್ತೆ. ಇಎಸ್‌ಐ ಇಲ್ಲದವರು ಬಿಪಿಎಲ್ ಕಾರ್ಡು, ಆಧಾರ್ ಎರಡೂ ಕೈಯಲ್ಲಿ ಇಟ್ಕೊಂಡು ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಿ. ಬಿಲ್ಡಿಂಗ್ ಸೈಟಲ್ಲಿ ವೆಲ್ಡಿಂಗ್ ಮಾಡೋರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ರೆ ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಮಾಡಿಸ್ಬಹುದು, ವಯಸ್ಸು 18ರಿಂದ 60ರ ಒಳಗೆ ಇರ್ಬೇಕು, ಆಸ್ಪತ್ರೆ ಖರ್ಚಿಗೆ ಅಲ್ಲಿಂದಲೂ ಸಹಾಯ ಕೇಳ್ಬಹುದು. ಹುಷಾರಾಗಿ ಬಂದ್ಮೇಲೆ ಡಾಕ್ಟರ್ ಕೆಲಸಕ್ಕೆ ಹೋಗ್ಬಹುದು ಅನ್ನೋವರೆಗೂ ಹೋಲ್ಡರ್ ಮುಟ್ಬೇಡಿ, ಇನ್ನೂ ಲಸಿಕೆ ಹಾಕಿಸಿಲ್ಲಾಂದ್ರೆ ಡಿಸ್ಚಾರ್ಜ್ ಚೀಟಿ ಬರೆಯೋವಾಗ್ಲೇ ಯಾವಾಗ ಹಾಕಿಸ್ಬಹುದು ಅಂತ ಕೇಳಿ ಆ ತಾರೀಕನ್ನ ಅದೇ ಚೀಟಿಯಲ್ಲಿ ಬರೆಸ್ಕೊಂಡು ಬನ್ನಿ.